ಸ್ಟೆಂಟ್ ಹಾಕಿಸಿಕೊಂಡಿದ್ದೇನೆ, ನೇತ್ರಾಣಿಯಲ್ಲಿ ಮತ್ತೆ ಡೈವ್ ಮಾಡಬಹುದೇ?

ಪ್ರಶ್ನೆ: ನನಗೆ 52 ವರ್ಷ, ಮೈಸೂರಿನವನು. ಹತ್ತು ವರ್ಷದ ಹಿಂದೆ ಅಂಡಮಾನಿನಲ್ಲಿ ಸ್ಕೂಬಾ ಡೈವಿಂಗ್ ಕಲಿಸುವ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಅಲ್ಲಿಯೂ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿಯೂ ಸೇರಿ 40ರಷ್ಟು ಡೈವ್ ಆಗಿವೆ. 14 ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಯಿತು. ಹೃದಯದ ಮುಂಭಾಗದ ರಕ್ತನಾಳಕ್ಕೆ, ಎಲ್‌ಎಡಿ ಅಂತಾರಲ್ಲ, ಅದಕ್ಕೆ ಒಂದು ಸ್ಟೆಂಟ್ ಹಾಕಿದರು. ಬಲಗಡೆಯದರಲ್ಲಿ 50% ಬ್ಲಾಕ್ ಇದೆ, ಮಾತ್ರೆಯಲ್ಲೇ ನೋಡಿಕೊಳ್ಳೋಣ ಎಂದರು. ಆಮೇಲಿನ ಎಕೋದಲ್ಲಿ ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು, 52%. ಸಕ್ಕರೆ ಕಾಯಿಲೆ ಆರು ವರ್ಷದಿಂದ ಇದೆ. ಮಾತ್ರೆಗಳು: ಆಸ್ಪಿರಿನ್ 75, ಟಿಕಾಗ್ರೆಲಾರ್ 90 ದಿನಕ್ಕೆರಡು, ಮೆಟೊಪ್ರೊಲಾಲ್ 50, ರಾಮಿಪ್ರಿಲ್ 5, ಅಟೋರ್ವಾಸ್ಟಾಟಿನ್ 40, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್. ದಿನಾ ನಾಲ್ಕು ಕಿ.ಮೀ. ನಡೆಯುತ್ತೇನೆ, ಎದೆನೋವಿಲ್ಲ. ಗೆಳೆಯರು ಡಿಸೆಂಬರ್‌ನಲ್ಲಿ ನೇತ್ರಾಣಿಗೆ, ಫೆಬ್ರುವರಿಯಲ್ಲಿ ಅಂಡಮಾನಿಗೆ ಹೊರಟಿದ್ದಾರೆ. ಹೃದಯದ ಡಾಕ್ಟರು ‘ಆರಾಮಾಗಿದ್ದೀರಿ, ಮಾಮೂಲಿ ಜೀವನ ಮಾಡಿ’ ಅನ್ನುತ್ತಾರೆ. ನೀರಿನ ಒತ್ತಡಕ್ಕೆ ಸ್ಟೆಂಟ್ ಚಪ್ಪಟೆಯಾಗುತ್ತದೆ ಎಂದು ಒಬ್ಬ ಗೆಳೆಯ ಹೆದರಿಸುತ್ತಾನೆ. ಸಿಲಿಂಡರ್‌ನಲ್ಲಿ ಆಕ್ಸಿಜನ್ ಇರುವುದರಿಂದ ಹೃದಯಕ್ಕೆ ಒಳ್ಳೆಯದೇ ಎನ್ನುತ್ತಾನೆ ಇನ್ನೊಬ್ಬ. ಹೆಂಡತಿ ಬಿಲ್‌ಕುಲ್ ಬೇಡ ಅನ್ನುತ್ತಾಳೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರು ಗೆಳೆಯರ ಮಾತೂ ತಪ್ಪು. ಡಾಕ್ಟರ ಮಾತು ಸರಿ, ಆದರೆ ಅದು ನೀವು ಕೇಳಬೇಕಿದ್ದ ಪ್ರಶ್ನೆಯ ಉತ್ತರವಲ್ಲ. ಡಿಸೆಂಬರ್‌ನ ಮಟ್ಟಿಗೆ ನಿಮ್ಮ ಮನೆಯವರ ಮಾತೇ ಸರಿ. ಫೆಬ್ರುವರಿಯದು ಇನ್ನೂ ನಿಮ್ಮ ಕೈಯಲ್ಲಿದೆ.

ಮೊದಲು ಗೆಳೆಯರ ಮಾತನ್ನು ಮುಗಿಸೋಣ. ಸ್ಟೆಂಟ್ ಎಂದರೆ ಲೋಹದ ಜಾಲರಿಯ ಸಣ್ಣ ಕೊಳವೆ. ಅದರ ಒಳಗೂ ಹೊರಗೂ ಇರುವುದು ರಕ್ತ ಮತ್ತು ಮಾಂಸ. ನೀರಿನ ಒತ್ತಡ ಕುಗ್ಗಿಸುವುದು ಗಾಳಿ ತುಂಬಿದ ಜಾಗಗಳನ್ನು ಮಾತ್ರ: ಕಿವಿ, ಸೈನಸ್, ಶ್ವಾಸಕೋಶ, ಮುಖದ ಮಾಸ್ಕ್. ಸ್ಟೆಂಟ್‌ನಲ್ಲಿ ಗಾಳಿ ಇಲ್ಲ, ಹಾಗಾಗಿ 18 ಮೀಟರ್ ಆಳದ 2.8 ಪಟ್ಟು ಒತ್ತಡ ಅದಕ್ಕೆ ಗೊತ್ತೇ ಆಗುವುದಿಲ್ಲ. (ಪೇಸ್‌ಮೇಕರ್ ಬೇರೆ ಕಥೆ. ಅದು ಮುಚ್ಚಿದ ಡಬ್ಬಿ, ಎಷ್ಟು ಆಳದವರೆಗೆ ತಡೆಯುತ್ತದೆ ಎಂದು ಕಂಪನಿಯಿಂದಲೇ ಬರೆಸಿಕೊಳ್ಳಬೇಕು. ನಿಮಗೆ ಆ ಚಿಂತೆ ಇಲ್ಲ.) ಇನ್ನು ಸಿಲಿಂಡರ್: ಅದರಲ್ಲಿರುವುದು ನಾವು ಉಸಿರಾಡುವ ಇದೇ ಗಾಳಿ, 21% ಆಕ್ಸಿಜನ್. ಆಕ್ಸಿಜನ್ ಹೆಚ್ಚಿಸಿದ ನೈಟ್ರಾಕ್ಸ್ ಗಾಳಿ ತುಂಬಿಸಿಕೊಂಡರೆ ಸಾಮಾನ್ಯವಾಗಿ 32 ಅಥವಾ 36% ಆಗುತ್ತದೆ. ಅದರಿಂದ ಮೈಯಲ್ಲಿ ಸೇರುವ ನೈಟ್ರೋಜನ್ ಕಡಿಮೆಯಾಗುತ್ತದೆ ಅಷ್ಟೇ, ಹೃದಯದ ಮೇಲಿನ ಹೊರೆ ಒಂದು ಚೂರೂ ಇಳಿಯುವುದಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ, ಆದರೆ ಹೆಚ್ಚಿನವರ ಮನಸ್ಸಿನಲ್ಲಿರುವ ಮೂರನೆಯ ನಂಬಿಕೆಯೊಂದಿದೆ: ‘ಸ್ಕೂಬಾದಲ್ಲಿ ಶ್ರಮವೇನಿದೆ, ಸುಮ್ಮನೆ ತೇಲುವುದು ತಾನೇ?’ ಎಲ್ಲ ಸರಿಯಿದ್ದ ದಿನ ಇದು ನಿಜವೇ. ಹವಳದ ಪಕ್ಕ ನಿಧಾನವಾಗಿ ಕಾಲಿಗೆ ಕಟ್ಟಿದ ಫಿನ್ ಬೀಸುತ್ತ ಹೋಗುವುದಕ್ಕೆ ಬೇಕಾಗುವ ಶಕ್ತಿ ಕುಕ್ಕರಹಳ್ಳಿ ಕೆರೆ ಸುತ್ತುವ ವಾಕಿಂಗ್‌ಗಿಂತ ಹೆಚ್ಚೇನಲ್ಲ. ಹಾಗಲ್ಲದ ದಿನದ ಹತ್ತು ನಿಮಿಷಗಳೇ ಕಷ್ಟ.

ಆ ಹತ್ತು ನಿಮಿಷ ಹೇಗಿರುತ್ತದೆ ನೋಡಿ. ಮುರ್ಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿ.ಮೀ., ದೋಣಿಯಲ್ಲಿ ಒಂದರಿಂದ ಒಂದೂವರೆ ಗಂಟೆ. ಅಲೆಗೆ ಹೊಟ್ಟೆ ತೊಳಸಿರುತ್ತದೆ. ಬಿಸಿಲಲ್ಲಿ ಕೂತು ಸಿಲಿಂಡರ್, ಗಾಳಿ ತುಂಬಿಸಿ ತೇಲುವ ಬಿಸಿಡಿ ಜಾಕೆಟ್, ಸೀಸದ ಬೆಲ್ಟ್ ಎಲ್ಲ ಏರಿಸಿಕೊಂಡಾಗ ಮೈಮೇಲೆ 25 ಕಿಲೋ. ನೀರಿಗೆ ಹಾರುತ್ತೀರಿ. ಲಂಗರಿನ ಹಗ್ಗ 30 ಮೀಟರ್ ಆಚೆಗಿದೆ, ಮೇಲ್ನೀರಿನ ಸೆಳೆತ ನಿಮ್ಮನ್ನು ಇನ್ನೊಂದು ಕಡೆಗೆ ಒಯ್ಯುತ್ತಿದೆ. ಬಾಯಲ್ಲಿ ರೆಗ್ಯುಲೇಟರ್ (ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಕಚ್ಚಿಕೊಂಡು ತಲೆ ತಗ್ಗಿಸಿ ಜೋರಾಗಿ ಫಿನ್ ಬೀಸುತ್ತೀರಿ. ರಸ್ತೆಯಲ್ಲಾದರೆ ಏದುಸಿರು ಬಂದಾಗ ನಿಲ್ಲುತ್ತೀರಿ, ಒಂದು ಕಟ್ಟೆ ನೋಡಿ ಕೂರುತ್ತೀರಿ. ಇಲ್ಲಿ ನಿಂತರೆ ಹಗ್ಗ ಇನ್ನೂ ದೂರವಾಗುತ್ತದೆ. ಕೂರಲು ಕಟ್ಟೆ ಇಲ್ಲ. ಹೃದಯದ ತೊಂದರೆ ಇರುವವರಿಗೆ ಸಮುದ್ರ ಒಡ್ಡುವ ಪರೀಕ್ಷೆ ಇದು. ಡೈವಿಂಗ್ ಸಾವುಗಳ ಕಾರಣ ಹುಡುಕಿದ ಅಧ್ಯಯನಗಳಲ್ಲಿ ಸುಮಾರು ಕಾಲುಭಾಗ ಹೃದಯಕ್ಕೆ ಸಂಬಂಧಿಸಿದ್ದು, ಅದರಲ್ಲೂ ವಯಸ್ಸು ನಲವತ್ತು ದಾಟಿದವರದ್ದು.

ನೀರು ಹೃದಯಕ್ಕೆ ಏನು ಮಾಡುತ್ತದೆ

ಕುತ್ತಿಗೆಯವರೆಗೆ ನೀರಿನಲ್ಲಿ ನಿಂತ ಕೂಡಲೇ ಕಾಲು, ತೊಡೆಗಳಲ್ಲಿ ನಿಂತಿದ್ದ ರಕ್ತವನ್ನು ನೀರಿನ ಒತ್ತಡ ಮೇಲಕ್ಕೆ ತಳ್ಳುತ್ತದೆ. ಅರ್ಧ ಲೀಟರಿಗೂ ಹೆಚ್ಚು ರಕ್ತ ಎದೆಗೂಡಿಗೆ ಬಂದು ಸೇರುತ್ತದೆ. ಹೃದಯ ಹಿಗ್ಗಿ, ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ಎತ್ತಬೇಕು. ‘ಮೈಯಲ್ಲಿ ನೀರು ಜಾಸ್ತಿಯಾಗಿದೆ’ ಎಂದುಕೊಂಡ ದೇಹ ಮೂತ್ರ ಹೆಚ್ಚಿಸುತ್ತದೆ. ಡೈವ್ ಮುಗಿಯುವ ಹೊತ್ತಿಗೆ ಎಲ್ಲರಿಗೂ ಅವಸರವಾಗುವುದು ಇದಕ್ಕೇ. ನೀರು ತಣ್ಣಗಿದ್ದರೆ ಚರ್ಮದ ರಕ್ತನಾಳಗಳೂ ಬಿಗಿಯುತ್ತವೆ, ಬಿಪಿ ಏರುತ್ತದೆ. ಆಳಕ್ಕೆ ಇಳಿದಷ್ಟೂ ಗಾಳಿ ದಟ್ಟವಾಗುತ್ತದೆ. 20 ಮೀಟರ್‌ನಲ್ಲಿ ನೀವು ಎಳೆಯುವ ಗಾಳಿ ದಡದ ಗಾಳಿಗಿಂತ ಮೂರು ಪಟ್ಟು ದಟ್ಟ, 30 ಮೀಟರ್‌ನಲ್ಲಿ ನಾಲ್ಕು ಪಟ್ಟು. ಅಲ್ಲಿ ಎಷ್ಟು ಜೋರಾಗಿ ಉಸಿರಾಡಿದರೂ ದಡದಲ್ಲಿ ಆಗುವುದರ ಅರ್ಧದಷ್ಟೇ ಸಾಧ್ಯ.

ಈ ಹೊರೆಯಲ್ಲಿ ಕೆಲವರ ಶ್ವಾಸಕೋಶದೊಳಕ್ಕೆ ರಕ್ತದ ನೀರಿನಂಶ ಜಿನುಗುತ್ತದೆ. ನೀರಿನಲ್ಲಿರುವಾಗಲೇ ಶ್ವಾಸಕೋಶದಲ್ಲಿ ನೀರು ತುಂಬುವ ಈ ತೊಂದರೆಯ ಬಗ್ಗೆ ನಮ್ಮ ಕಡೆ ಡೈವ್ ಮಾಡುವವರಿಗೂ ಅಷ್ಟಾಗಿ ತಿಳಿದಿಲ್ಲ. ಬೆಂಡ್ಸ್ ಬಗ್ಗೆ, ಅಂದರೆ ಬೇಗ ಮೇಲೆ ಬಂದಾಗ ಮೈಯಲ್ಲಿ ಸೇರಿದ ನೈಟ್ರೋಜನ್ ಗುಳ್ಳೆಗಳಾಗುವ ತೊಂದರೆಯ ಬಗ್ಗೆ, ಎಲ್ಲರೂ ಮಾತಾಡುತ್ತಾರೆ. ಆದರೆ ನಿಮ್ಮಂಥವರ ವಿಷಯದಲ್ಲಿ ನನಗೆ ಹೆಚ್ಚು ಭಯ ಇದರದ್ದೇ. ವಯಸ್ಸು, ಬಿಪಿ, ಹೃದಯದ ಹಳೆಯ ಪೆಟ್ಟು, ಶ್ರಮ, ತಣ್ಣೀರು ಎಲ್ಲವೂ ಇದರ ಅಪಾಯ ಹೆಚ್ಚಿಸುತ್ತವೆ. ಡೈವ್‌ಗೆ ಮುಂಚೆ ‘ಡೀಹೈಡ್ರೇಶನ್ ಆಗಬಾರದು’ ಎಂದು ಎರಡು ಲೀಟರ್ ನೀರು ಸುರಿದುಕೊಳ್ಳುವ ಅಭ್ಯಾಸವೂ ಹೆಚ್ಚಿಸುತ್ತದೆ. ಬಾಯಾರಿದಷ್ಟು ಕುಡಿಯಿರಿ, ಸಾಕು.

ಇದರ ಲಕ್ಷಣ ಗೊತ್ತಿರಲಿ. ಮಾಡುತ್ತಿರುವ ಕೆಲಸಕ್ಕೆ ತಾಳೆಯಾಗದಷ್ಟು ಏದುಸಿರು, ಕೆಮ್ಮು, ಉಸಿರಾಡುವಾಗ ಎದೆಯಲ್ಲಿ ಗೊರಗೊರ ಸದ್ದು, ಆಮೇಲೆ ಗುಲಾಬಿ ಬಣ್ಣದ ನೊರೆ ಉಗುಳು. ಹೀಗಾದವರು ಮೊದಲು ಅನುಮಾನಿಸುವುದು ರೆಗ್ಯುಲೇಟರನ್ನು: ‘ಗಾಳಿ ಸರಿಯಾಗಿ ಬರುತ್ತಿಲ್ಲ.’ ಗೇಜ್ ನೋಡಿದರೆ 120 ಬಾರ್, ಅಂದರೆ ಸಿಲಿಂಡರಿನ ಅರ್ಧಕ್ಕಿಂತ ಹೆಚ್ಚು ಗಾಳಿ, ಇರುತ್ತದೆ. ಗಾಳಿ ಇದ್ದೂ ಸಾಲುತ್ತಿಲ್ಲ ಅನ್ನಿಸಿದರೆ ಡೈವ್ ಅಲ್ಲಿಗೆ ಮುಗಿಯಿತು. ಜೊತೆಗಾರನಿಗೆ ಸನ್ನೆ ಮಾಡಿ, ನಿಮಿಷಕ್ಕೆ 9 ಮೀಟರ್ ವೇಗ ಮೀರದೆ ಮೇಲೆ ಬನ್ನಿ. ಉಸಿರು ಕಟ್ಟುತ್ತಿರುವಾಗ ಐದು ಮೀಟರ್‌ನ ಮೂರು ನಿಮಿಷದ, ನೈಟ್ರೋಜನ್ ಹೊರಹೋಗಲೆಂದು ಮಾಡುವ ಸೇಫ್ಟಿ ಸ್ಟಾಪ್‌ಗೆ ನಿಲ್ಲಬೇಡಿ. ದೋಣಿಯಲ್ಲಿ ಮಲಗಿಸಬಾರದು, ನೆಟ್ಟಗೆ ಕೂರಿಸಿ ಆಕ್ಸಿಜನ್ ಕೊಡಬೇಕು, ಕುಡಿಯಲು ಏನೂ ಕೊಡಬಾರದು, ಆಸ್ಪತ್ರೆಗೆ ಹೋಗಲೇಬೇಕು. ಒಮ್ಮೆ ಆದವರಿಗೆ ಮತ್ತೆ ಆಗಬಹುದು. ಆದ್ದರಿಂದ ಗಂಟೆಯಲ್ಲಿ ಸುಧಾರಿಸಿತು ಎಂದು ಎರಡನೇ ಡೈವ್‌ಗೆ ಇಳಿಯುವ ಮಾತೇ ಇಲ್ಲ.

ಮೇಲೆ ಬಂದ ಮೇಲೆ ಇನ್ನೊಂದು ಗಂಡಾಂತರವಿದೆ, ಏಣಿ. ನೀರಿನಿಂದ ಹೊರಗೆ ಬಂದ ಕ್ಷಣ ಕಾಲಿನ ಮೇಲಿನ ಒತ್ತಡ ಹೋಗುತ್ತದೆ, ರಕ್ತ ಮತ್ತೆ ಕೆಳಗಿಳಿಯುತ್ತದೆ, ಅಷ್ಟು ಹೊತ್ತಿಗೆ ಮೂತ್ರವಾಗಿ ಮೈಯ ನೀರೂ ಖಾಲಿಯಾಗಿರುತ್ತದೆ. ಮೆಟೊಪ್ರೊಲಾಲ್ ಹೃದಯದ ಬಡಿತ ಏರಲು ಬಿಡುವುದಿಲ್ಲ, ರಾಮಿಪ್ರಿಲ್ ಬಿಪಿ ಇಳಿಸುತ್ತದೆ, ಡಾಪಾಗ್ಲಿಫ್ಲೋಜಿನ್ ಬೇರೆ ಮೂತ್ರ ಹೆಚ್ಚಿಸುವ ಮಾತ್ರೆ. ಈ ಮೂರರ ಜೊತೆಗೆ ಬೆನ್ನ ಮೇಲೆ 25 ಕಿಲೋ ಹೊತ್ತು ಅಲೆಗೆ ಕುಣಿಯುವ ಏಣಿ ಹತ್ತಿದರೆ ಮೂರನೇ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬರುವುದು ಆಶ್ಚರ್ಯವಲ್ಲ. ರಕ್ತ ತೆಳು ಮಾಡುವ ಎರಡು ಮಾತ್ರೆ (ಆಸ್ಪಿರಿನ್, ಟಿಕಾಗ್ರೆಲಾರ್) ತಿನ್ನುವವರು ತಲೆಗೆ ಏಣಿ ಬಡಿಸಿಕೊಳ್ಳಬಾರದು. ಪರಿಹಾರ ಸುಲಭ. ನೀರಿನಲ್ಲಿದ್ದಾಗಲೇ ಮೊದಲು ಸೀಸದ ಬೆಲ್ಟ್, ಆಮೇಲೆ ಬಿಸಿಡಿ ಸಮೇತ ಸಿಲಿಂಡರ್ ಬಿಚ್ಚಿ ದೋಣಿಯವರ ಕೈಗೆ ಕೊಡಿ, ಖಾಲಿ ಮೈಯಲ್ಲಿ ಹತ್ತಿ, ಹತ್ತಿದ ಕೂಡಲೇ ಕೂತುಬಿಡಿ. ಇಳಿಯುವ ಮುಂಚೆಯೇ ‘ಹೀಗೆ ಮಾಡುತ್ತೇನೆ’ ಎಂದು ಹೇಳಿಡಿ. ಇದರಲ್ಲಿ ನಾಚಿಕೆಯೇನೂ ಇಲ್ಲ, ಬೆನ್ನುನೋವಿನ ಇನ್‌ಸ್ಟ್ರಕ್ಟರ್‌ಗಳೂ ಹೀಗೇ ಹತ್ತುತ್ತಾರೆ.

‘ಮಾಮೂಲಿ’ ಎನ್ನುವ ಒಂದು ಪದ ಸಾಲದು

ನಿಮ್ಮ ಡಾಕ್ಟರಿಗೆ ನೀವು ಕೇಳಿದ್ದು ಬಹುಶಃ ‘ಸ್ಕೂಬಾ ಮಾಡಬಹುದಾ?’ ಎಂದು. ಅವರಿಗೆ ನಿಮ್ಮ ಹೃದಯ ಗೊತ್ತು, ಸ್ಕೂಬಾ ಗೊತ್ತಿರಬೇಕೆಂದಿಲ್ಲ. ಪ್ರಶ್ನೆಯನ್ನು ಬದಲಿಸಿ. ಅವರು ಉತ್ತರಿಸಬಹುದಾದ ಪ್ರಶ್ನೆ ಹೀಗಿರಲಿ: ‘ನಾನು ಈಗ ತಿನ್ನುತ್ತಿರುವ ಮಾತ್ರೆಗಳನ್ನೇ ತಿಂದು, 10 ಮೆಟ್ ಶ್ರಮದವರೆಗೆ ಹೋದರೆ ಹೃದಯಕ್ಕೆ ರಕ್ತದ ಕೊರತೆ ಆಗುತ್ತದೆಯೇ, ಬಡಿತದ ಲಯ ತಪ್ಪುತ್ತದೆಯೇ, ಬಿಪಿ ಸರಿಯಾಗಿ ಏರುತ್ತದೆಯೇ?’

ಮೆಟ್ ಎಂದರೆ ಶ್ರಮದ ಅಳತೆ. ಸುಮ್ಮನೆ ಕೂತಾಗ ದೇಹ ಬಳಸುವ ಆಕ್ಸಿಜನ್ 1 ಮೆಟ್. ಸಮತಟ್ಟಾದ ರಸ್ತೆಯಲ್ಲಿ ನಿಮ್ಮ ದಿನದ ವಾಕಿಂಗ್ ಮೂರೂವರೆ, ಬಿರುಸಾಗಿ ನಡೆದರೆ ಐದು. ಡೈವಿಂಗ್‌ನಲ್ಲಿ ಸ್ವಲ್ಪ ಹೊತ್ತು ಸತತವಾಗಿ 6 ಮೆಟ್ ಕೆಲಸ ಮಾಡುವ ಕಸುವು ಬೇಕು. ಅದಕ್ಕೆ ಗರಿಷ್ಠ ಸಾಮರ್ಥ್ಯ 10ರ ಆಸುಪಾಸು ಇರಬೇಕು, ಯಾಕೆಂದರೆ ಯಾರೂ ತಮ್ಮ ಗರಿಷ್ಠ ಮಟ್ಟದಲ್ಲಿ ಹೆಚ್ಚು ಹೊತ್ತು ನಿಲ್ಲಲಾರರು. ಹಾಗಾಗಿ ದಿನಾ ನಾಲ್ಕು ಕಿ.ಮೀ. ನಡೆಯುತ್ತೇನೆ ಎನ್ನುವುದು ಒಳ್ಳೆಯದೇ, ಆದರೆ ಅದು ಮೂರೂವರೆಯ ಸಾಕ್ಷಿ, ಹತ್ತರದ್ದಲ್ಲ.

ಅಳೆಯುವುದು ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ, ಟಿಎಂಟಿ. ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಮೂರು ಮೂರು ನಿಮಿಷಕ್ಕೆ ವೇಗ ಮತ್ತು ಏರು ಹೆಚ್ಚುತ್ತ ಹೋಗುತ್ತದೆ. ಆರು ನಿಮಿಷ ಮುಗಿದರೆ ಸುಮಾರು 7 ಮೆಟ್. ಮೂರನೇ ಹಂತ, ಅಂದರೆ ಗಂಟೆಗೆ 5.5 ಕಿ.ಮೀ. ವೇಗ, 14% ಏರು, ಪೂರ್ತಿ ಮುಗಿಸಿ ಒಂಬತ್ತು ನಿಮಿಷ ದಾಟಿದರೆ ಸುಮಾರು 10. ನೀವು ನೋಡಬೇಕಾದ ಗೆರೆ ಅದು.

ಟಿಎಂಟಿ ವರದಿಯಲ್ಲಿ ಜನ ಮೋಸ ಹೋಗುವ ಜಾಗಗಳಿವೆ. ‘ನೆಗೆಟಿವ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ, ಕೆಳಗೆ ಸಣ್ಣದಾಗಿ ‘6.8 ಮೆಟ್, ಕಾಲು ನೋವಿನಿಂದ ನಿಲ್ಲಿಸಲಾಯಿತು’ ಎಂದಿರುತ್ತದೆ. ಅದು ಪಾಸಾದ ಪರೀಕ್ಷೆಯಲ್ಲ, ಅರ್ಧಕ್ಕೆ ಬಿಟ್ಟ ಪರೀಕ್ಷೆ. ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದು ನಡೆದರೆ ಯಂತ್ರ ತೋರಿಸುವ ಮೆಟ್ ನಿಜಕ್ಕಿಂತ ಹೆಚ್ಚಾಗಿರುತ್ತದೆ, ಬೆರಳ ತುದಿ ತಾಗಿಸಿದರೆ ಸಾಕು. ಮೆಟೊಪ್ರೊಲಾಲ್ ವಿಷಯವೂ ಇದೆ. ರೋಗ ಪತ್ತೆಗಾಗಿ ಮಾಡುವಾಗ ಅದನ್ನು ಒಂದೆರಡು ದಿನ ನಿಲ್ಲಿಸಲು ಹೇಳುವುದುಂಟು. ನಿಮಗೆ ಬೇಕಿರುವುದು ಬೇರೆ: ಮಾತ್ರೆ ತಿಂದೇ ಸಮುದ್ರಕ್ಕಿಳಿಯುವವರು ಮಾತ್ರೆ ತಿಂದೇ ಟ್ರೆಡ್‌ಮಿಲ್ ಹತ್ತಬೇಕು. ಆಗ ನಿಮ್ಮ ವಯಸ್ಸಿನ ಗುರಿಯಾದ ನಿಮಿಷಕ್ಕೆ 143 ಬಡಿತ ಮುಟ್ಟದೆ ಹೋಗಬಹುದು, ಇಸಿಜಿ ಬದಲಾವಣೆ ಮರೆಯಾಗಲೂಬಹುದು. ಬಲಗಡೆ 50% ಬ್ಲಾಕ್ ಇರುವ ನಿಮಗೆ ಆದ್ದರಿಂದ ಬರೀ ಟಿಎಂಟಿ ಸಾಲದು. ಸ್ಟ್ರೆಸ್ ಎಕೋ ಅಥವಾ ಸ್ಟ್ರೆಸ್ ಥಾಲಿಯಂ ಎಂದು ಕರೆಯುವ ಸ್ಕ್ಯಾನ್ ಕೂಡ ಮಾಡಿಸುವುದು ಸರಿ. ಆಂಜಿಯೋಗ್ರಾಮ್ ಮಾಡುವಾಗ ಆ ಬ್ಲಾಕ್‌ನ ಎಫ್‌ಎಫ್‌ಆರ್ (ಬ್ಲಾಕ್ ದಾಟಿ ರಕ್ತ ಎಷ್ಟು ಹರಿಯುತ್ತದೆ ಎಂಬ ಲೆಕ್ಕ) ಅಳೆದಿದ್ದರೆ ಡಿಸ್ಚಾರ್ಜ್ ಸಾರಾಂಶದಲ್ಲಿ ನೋಡಿ. 0.80ಕ್ಕಿಂತ ಮೇಲಿದ್ದರೆ ಆ ಜಾಗದಲ್ಲಿ ರಕ್ತ ಸಾಕಷ್ಟು ಹರಿಯುತ್ತಿದೆ ಎಂದರ್ಥ.

ಹೊಸದಾಗಿ ಒಂದು ಎಕೋ ಆಗಲಿ. ಇಎಫ್ 50ರ ಮೇಲಿದ್ದರೆ ಮುಂದುವರಿಯಬಹುದು, 40ರ ಕೆಳಗಿದ್ದರೆ ಸ್ಕೂಬಾ ವಿಷಯ ಅಲ್ಲಿಗೇ ನಿಲ್ಲುತ್ತದೆ. ಮಧ್ಯದವರದ್ದು ಒಬ್ಬೊಬ್ಬರದ್ದು ಒಂದೊಂದು ಲೆಕ್ಕ. 52 ಅಂಚಿನ ಮೇಲಿದೆ. ಅಟ್ಯಾಕ್ ಆದ ಜಾಗದ ಕಲೆಯಿಂದ ಲಯ ತಪ್ಪುವ ಬಡಿತ ಹುಟ್ಟುವುದುಂಟು, ಆದ್ದರಿಂದ ದಿನವಿಡೀ ಇಸಿಜಿ ದಾಖಲಿಸುವ 24 ಗಂಟೆಯ ಹೋಲ್ಟರ್ ಕೂಡ ಕೇಳಿ.

ಕಾಯುವ ಅವಧಿ ಎಷ್ಟು ಎಂದು ಹಲವರು ಕೇಳುತ್ತಾರೆ. ಸ್ಟೆಂಟ್ ಅಥವಾ ಬೈಪಾಸ್ ಆದ ಮೇಲೆ ಕನಿಷ್ಠ 6ರಿಂದ 12 ತಿಂಗಳು ಎನ್ನುವುದು ರೂಢಿ. ನಿಮಗೆ 14 ಆಗಿದೆ. ಆದರೆ ತಿಂಗಳು ಕಳೆದದ್ದು ಪರೀಕ್ಷೆ ಬರೆಯಲು ಸಿಕ್ಕ ಹಾಲ್ ಟಿಕೆಟ್ ಮಾತ್ರ.

ಮಾತ್ರೆಗಳ ಡಬ್ಬಿ

ಟಿಕಾಗ್ರೆಲಾರ್ ಮೊದಲು. ಅಟ್ಯಾಕ್ ಆದವರಿಗೆ ಆಸ್ಪಿರಿನ್ ಜೊತೆ ಇದನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ನಿಮಗೆ ಅವಧಿ ದಾಟಿದೆ. ಮುಂದುವರಿಸಿರುವುದಕ್ಕೆ ಕಾರಣವಿರಬಹುದು, ಮುಂದಿನ ಭೇಟಿಯ ತನಕ ಬರೆದಿಟ್ಟಿರಲೂಬಹುದು. ಕೇಳಿ. ಆದರೆ ನೀವಾಗಿಯೇ ನಿಲ್ಲಿಸಬೇಡಿ. ‘ಟ್ರಿಪ್‌ಗೆ ಒಂದು ವಾರ ರಕ್ತ ತೆಳುವಿನ ಮಾತ್ರೆ ಬಿಟ್ಟರೆ ಏನಾಗುತ್ತೆ’ ಎಂದು ಕೇಳುವವರಿದ್ದಾರೆ. ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಎರಡನೇ ಅಟ್ಯಾಕ್ ಆಗಬಹುದು, ಅದು ಮೊದಲನೆಯದಕ್ಕಿಂತ ಕೆಟ್ಟದಾಗಿರಬಹುದು. ಎರಡೂ ಮಾತ್ರೆ ನಡೆಯುತ್ತಿರುವಾಗ ಡೈವ್ ಮಾಡಿದರೆ ಕಿವಿ ಸರಿಯಾಗಿ ಬಿಡದೆ, ಅಂದರೆ ಕಿವಿಯೊಳಗಿನ ಒತ್ತಡ ನೀರಿನ ಒತ್ತಡಕ್ಕೆ ಹೊಂದದೆ, ಪೆಟ್ಟಾದಾಗ ರಕ್ತ ನಿಲ್ಲುವುದು ತಡ, ಬೆಂಡ್ಸ್ ಆದರೆ ಬೆನ್ನುಹುರಿಯಲ್ಲಿ ರಕ್ತಸ್ರಾವದ ಆತಂಕ. ಒಂದೇ ಆಸ್ಪಿರಿನ್‌ಗೆ ಇಳಿದ ಮೇಲೆ ನೀರಿಗಿಳಿಯುವುದು ಲೇಸು. ಟಿಕಾಗ್ರೆಲಾರ್‌ಗೆ ಇನ್ನೊಂದು ಗುಣವಿದೆ: ಕೆಲವರಿಗೆ ಕಾರಣವಿಲ್ಲದೆ ಉಸಿರು ಸಾಲದಂತೆ ಅನ್ನಿಸುತ್ತದೆ. ಮನೆಯಲ್ಲಿ ಅದು ಬರೀ ಕಿರಿಕಿರಿ. 15 ಮೀಟರ್ ಆಳದಲ್ಲಿ ಅದು ಮಾತ್ರೆಯ ಉಸಿರೋ ಶ್ವಾಸಕೋಶದ ನೀರೋ ಎಂದು ಯಾರೂ ಹೇಳಲಾರರು.

ರಾಮಿಪ್ರಿಲ್‌ನಿಂದ ಒಣಕೆಮ್ಮು ಬರುವವರಿದ್ದಾರೆ. ನಿಮಗಿದ್ದರೆ ಡಾಕ್ಟರಿಗೆ ಹೇಳಿ, ಬದಲಿ ಮಾತ್ರೆಗಳಿವೆ. ಮೆಟೊಪ್ರೊಲಾಲ್ ಶ್ರಮದ ಮಿತಿ ಇಳಿಸುತ್ತದೆ. ಇಎಫ್ ಚೆನ್ನಾಗಿರುವವರಿಗೆ ವರ್ಷದ ನಂತರವೂ ಇದು ಬೇಕೇ ಎಂಬುದು ಹೃದಯ ತಜ್ಞರೇ ಈಗ ಕೇಳಿಕೊಳ್ಳುತ್ತಿರುವ ಪ್ರಶ್ನೆ. ತೀರ್ಮಾನ ಅವರದ್ದೇ.

ಸಕ್ಕರೆಗೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಎರಡರಿಂದಲೂ ಸಾಮಾನ್ಯವಾಗಿ ಲೋ ಶುಗರ್ ಆಗುವುದಿಲ್ಲ. ಆದರೂ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ಬೆರೆಸಿದ ಮಾತ್ರೆಗಳು ನಮ್ಮಲ್ಲಿ ಬಹಳ, ಜನ ಅದನ್ನೂ ‘ಮೆಟ್‌ಫಾರ್ಮಿನ್’ ಎಂದೇ ಕರೆಯುತ್ತಾರೆ. ಗ್ಲಿಮೆಪಿರೈಡ್ ಇದ್ದರೆ ನೀರಿನೊಳಗೆ ಸಕ್ಕರೆ ಕುಸಿಯಬಹುದು. ಡೈವ್‌ಗೆ ಒಂದು ಗಂಟೆ ಮುಂಚೆ, ಅರ್ಧ ಗಂಟೆ ಮುಂಚೆ, ಇಳಿಯುವ ಮೊದಲು, ಹೀಗೆ ಮೂರು ಸಲ ಬೆರಳು ಚುಚ್ಚಿ ನೋಡಬೇಕು. 150ಕ್ಕಿಂತ ಮೇಲಿದ್ದು, ಇಳಿಮುಖವಾಗಿರಬಾರದು. 300 ದಾಟಿದ್ದರೆ ಆ ದಿನ ಬೇಡ. ಸಕ್ಕರೆ ಮಾತ್ರೆ ಬದಲಾಗಿದ್ದರೆ ಮೂರು ತಿಂಗಳು ಕಾಯಬೇಕು.

ಡಾಪಾಗ್ಲಿಫ್ಲೋಜಿನ್‌ನ ತಂಟೆ ಬೇರೆ. ದೋಣಿಯಲ್ಲಿ ವಾಂತಿಯಾದೀತೆಂದು ಬೆಳಿಗ್ಗೆ ತಿಂಡಿ ಬಿಡುವವರು ಬಹಳ ಮಂದಿ. ಈ ಮಾತ್ರೆ ತಿಂದು, ಹೊಟ್ಟೆ ಖಾಲಿ ಇಟ್ಟುಕೊಂಡು, ಮೇಲೆ ನಾಲ್ಕು ಸಲ ವಾಂತಿಯೂ ಆದರೆ ರಕ್ತದಲ್ಲಿ ಕೀಟೋನ್ ಏರಿ ಆಸ್ಪತ್ರೆ ಸೇರುವ ಹಾಗಾಗಬಹುದು. ಮೀಟರ್‌ನಲ್ಲಿ ಸಕ್ಕರೆ 180 ತೋರಿಸುತ್ತಿರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಎರಡು ಇಡ್ಲಿಯನ್ನಾದರೂ ತಿಂದು ಹೊರಡಿ. ಡೈವ್ ದಿನಗಳಲ್ಲಿ ಈ ಮಾತ್ರೆ ಏನು ಮಾಡಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ.

ಕಿವಿ ಬಿಡಲೆಂದು ನೆಗಡಿ ಮಾತ್ರೆ ನುಂಗುವ ಹಳೆಯ ಡೈವರ್‌ಗಳ ಉಪಾಯ ನಿಮಗಲ್ಲ. ಅದರಲ್ಲಿರುವ ಫೆನಿಲೆಫ್ರಿನ್ ರಕ್ತನಾಳ ಬಿಗಿಸುತ್ತದೆ. ಎದೆನೋವು ಬಂದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಜೇಬಲ್ಲಿಟ್ಟುಕೊಂಡು ಇಳಿಯುತ್ತೇನೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಅದು ಬೇಕಾಗಬಹುದು ಅನ್ನಿಸುತ್ತಿದ್ದರೆ ದೋಣಿಯಲ್ಲೇ ಇರಿ.

ಮುಂದೇನು

ಡೈವ್ ಸೆಂಟರ್‌ಗಳು ಕೊಡುವ ಆರೋಗ್ಯ ಪ್ರಶ್ನಾವಳಿಯಲ್ಲಿ ಸ್ಟೆಂಟ್ ಇದೆಯೇ ಎಂದು ಹೆಸರು ಹಿಡಿದೇ ಕೇಳುತ್ತಾರೆ. 45 ದಾಟಿದೆಯೇ, ಸಕ್ಕರೆ ಕಾಯಿಲೆ ಇದೆಯೇ ಎಂದೂ ಕೇಳುತ್ತಾರೆ. ಸ್ಟೆಂಟ್‌ಗೆ ‘ಹೌದು’ ಎಂದರೆ ಡಾಕ್ಟರ ಸಹಿ ಬೇಕು. ‘ಇಲ್ಲ’ ಎಂದು ಟಿಕ್ ಹಾಕಿ ದೋಣಿ ಹತ್ತುವುದು ಸುಲಭ. ಹಾಗೆ ಹತ್ತಿದವರಿಗೆ ನೀರಿನಲ್ಲಿ ಎದೆ ಹಿಡಿದರೆ ದೋಣಿಯವರು ಅದನ್ನು ಗಾಬರಿ ಎಂದುಕೊಳ್ಳುತ್ತಾರೆ, ಇಲ್ಲವೇ ಬೆಂಡ್ಸ್ ಎಂದುಕೊಳ್ಳುತ್ತಾರೆ. ಡೈವ್ ಆದ ಮೇಲೆ ಎಡ ಭುಜ ನೋಯುತ್ತಿದ್ದರೆ ಎರಡೂ ಇರಬಹುದು. ನಿಮ್ಮಂಥವರಿಗೆ ಮೊದಲು ಇಸಿಜಿ ಆಗಬೇಕು, ಆಮೇಲೆ ಬೆಂಡ್ಸ್ ವಿಚಾರ. ಅದು ಅವರಿಗೆ ಹೊಳೆಯಬೇಕಾದರೆ ಸ್ಟೆಂಟ್ ವಿಷಯ ಗೊತ್ತಿರಬೇಕು. ಇನ್ನು ಬೀದಿ ಕೊನೆಯ ಕ್ಲಿನಿಕ್‌ನಲ್ಲಿ ಬಿಪಿ ನೋಡಿ ಬರೆದುಕೊಡುವ ‘ಫಿಟ್’ ಚೀಟಿ ಸೆಂಟರಿನವರನ್ನು ಕಾಪಾಡುತ್ತದೆ, ನಿಮ್ಮನ್ನಲ್ಲ. ಹೃದಯ ತಜ್ಞರ ವರದಿಗಳನ್ನು ಹಿಡಿದು ಡೈವಿಂಗ್ ವೈದ್ಯಕೀಯ ಬಲ್ಲವರೊಬ್ಬರನ್ನು ನೋಡಿ. ಇಂಥವರು ನಮ್ಮ ದೇಶದಲ್ಲಿ ಕಡಿಮೆ. ನೌಕಾಪಡೆಯ ವೈದ್ಯಕೀಯ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರನ್ನು ವಿಚಾರಿಸಿದರೆ ಸಿಗುತ್ತಾರೆ.

ಡಿಸೆಂಬರ್‌ಗೆ ಇದೆಲ್ಲ ಮುಗಿಯುವುದಿಲ್ಲ. ಎರಡು ಮಾತ್ರೆಯ ವಿಷಯ ಇತ್ಯರ್ಥವಾಗಿಲ್ಲ, 10 ಮೆಟ್ ಸಾಬೀತಾಗಿಲ್ಲ. ಗೆಳೆಯರ ಜೊತೆ ಹೋಗಿ, ದೋಣಿಯಲ್ಲಿ ಕೂತು ಬನ್ನಿ. ‘ಹಾಗಾದರೆ ಸ್ನಾರ್ಕೆಲ್ ಮಾಡುತ್ತೇನೆ’ ಎನ್ನಬೇಡಿ. ಜನ ತಿಳಿದಷ್ಟು ಹಗುರದ ಕೆಲಸ ಅದಲ್ಲ. ಅಲೆಯ ನಡುವೆ ಕೊಳವೆಯಲ್ಲಿ ಉಸಿರೆಳೆಯುತ್ತ ಈಜುವುದು ಎಷ್ಟೋ ಸಲ ಶಾಂತವಾದ ಡೈವ್‌ಗಿಂತ ಹೆಚ್ಚಿನ ಶ್ರಮ, ಶ್ವಾಸಕೋಶದ ನೀರಿನ ತೊಂದರೆ ಅಲ್ಲಿಯೂ ಆಗುತ್ತದೆ.

ಪರೀಕ್ಷೆಗಳು ಸರಿ ಬಂದರೆ ಮುಂದಿನ ಎರಡು ಮೂರು ತಿಂಗಳು ಮೈ ಕಟ್ಟುವ ಕೆಲಸ. ಡಾಕ್ಟರ ಒಪ್ಪಿಗೆ ಪಡೆದು ವಾಕಿಂಗ್‌ನ ಜೊತೆ ಏರು ಸೇರಿಸಿ. ಚಾಮುಂಡಿ ಬೆಟ್ಟದ ಮೆಟ್ಟಿಲು ಮನೆ ಹತ್ತಿರವೇ ಇದೆ: ಮೊದಲ ವಾರ ನೂರು, ಆಮೇಲೆ ಇನ್ನೂರು, ಮಾತಾಡುತ್ತ ಹತ್ತಲಾಗುವಷ್ಟು ವೇಗದಲ್ಲಿ. ವಾರಕ್ಕೆರಡು ದಿನ ಈಜುಕೊಳ. ನಿಲ್ಲದೆ 200 ಮೀಟರ್ ಈಜುವುದು, ಹತ್ತು ನಿಮಿಷ ತೇಲುವುದು ಹಿಂದೆ ಓಪನ್ ವಾಟರ್ ಕೋರ್ಸ್‌ನಲ್ಲಿ ಮಾಡಿದ್ದೀರಿ. ಈಗ ಅದೇ ಎಷ್ಟು ಕಷ್ಟ ಅನ್ನಿಸುತ್ತದೆ ಎನ್ನುವುದು ಒಳ್ಳೆಯ ಸುಳಿವು. ಆಮೇಲೆ ಇನ್‌ಸ್ಟ್ರಕ್ಟರ್ ಜೊತೆ ಕೊಳದಲ್ಲೇ ಒಂದು ರಿಫ್ರೆಶರ್. ಹೃದಯ ಗಟ್ಟಿಯಿದ್ದರೂ ಎರಡು ವರ್ಷ ಕೈಬಿಟ್ಟ ಕೌಶಲ ಗಾಬರಿ ತರಿಸುತ್ತದೆ, ಆ ಗಾಬರಿ ಹೃದಯಕ್ಕೇ ತಗಲುತ್ತದೆ.

ಸಮುದ್ರದ ಮೊದಲ ಡೈವ್ 10ರಿಂದ 12 ಮೀಟರ್, ಅರ್ಧ ಗಂಟೆ, ದಿನಕ್ಕೆ ಒಂದೇ. ಸೆಳೆತವಿಲ್ಲದ ಬೆಚ್ಚಗಿನ ನೀರು. ಎಲ್ಲಿ ಎಂಬುದರಲ್ಲಿ ಇಕ್ಕಟ್ಟಿದೆ. ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ (ಹಿಂದಿನ ಹ್ಯಾವ್‌ಲಾಕ್) ದಡದ ಹತ್ತಿರವೇ ಶಾಂತ ನೀರಿನ ಡೈವ್ ಸಿಗುತ್ತದೆ, ಆದರೆ ದೊಡ್ಡ ಆಸ್ಪತ್ರೆಗೆ ಫೆರಿಯಲ್ಲಿ, ಈಗ ಶ್ರೀ ವಿಜಯಪುರಂ ಎಂದು ಹೆಸರು ಬದಲಾಗಿರುವ ಪೋರ್ಟ್ ಬ್ಲೇರ್‌ಗೆ ಹೋಗಬೇಕು. ನೇತ್ರಾಣಿಯ ನೀರು ದಿನಕ್ಕೊಂದು ಬಗೆ, ಆದರೆ ದಡ ಮುಟ್ಟಿದರೆ ಮಣಿಪಾಲದ ದೊಡ್ಡ ಆಸ್ಪತ್ರೆ ಹೆದ್ದಾರಿಯಲ್ಲಿ ಸುಮಾರು 100 ಕಿ.ಮೀ. ನನ್ನ ಒಲವು ನೇತ್ರಾಣಿಯ ಕಡೆಗೇ, ಅದೂ ಫೆಬ್ರುವರಿಯ ಶಾಂತ ದಿನವೊಂದರಲ್ಲಿ, ಅಲೆ ಕಂಡರೆ ಇಳಿಯದೆ ವಾಪಸ್ ಬರುವ ಮನಸ್ಸಿದ್ದರೆ. ಹಣ ಕಟ್ಟಿಯಾಗಿದೆ ಎನ್ನುವ ಕಾರಣಕ್ಕೆ ಇಳಿದವರು ಬಹಳ.

ದೋಣಿ ಬುಕ್ ಮಾಡುವಾಗ ಆಕ್ಸಿಜನ್ ಇದೆಯೇ ಎಂದಷ್ಟೇ ಕೇಳಬೇಡಿ, ಎಷ್ಟು ಲೀಟರ್ ಎಂದು ಕೇಳಿ. 3 ಲೀಟರ್ ಸಿಲಿಂಡರ್ 200 ಬಾರ್ ತುಂಬಿದ್ದರೆ 600 ಲೀಟರ್ ಆಕ್ಸಿಜನ್. ನಿಮಿಷಕ್ಕೆ 15 ಲೀಟರ್‌ನಂತೆ ಕೊಟ್ಟರೆ 40 ನಿಮಿಷಕ್ಕೆ ಖಾಲಿ. ದಡಕ್ಕೆ ಒಂದು ಗಂಟೆಗೂ ಹೆಚ್ಚು ದಾರಿ. ನಿಂತ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಎಇಡಿ ಯಂತ್ರ ಇದೆಯೇ, ಅದನ್ನು ಬಳಸಲು ಗೊತ್ತಿರುವವರು ನೀರಿಗಿಳಿಯದೆ ದೋಣಿಯಲ್ಲೇ ಇರುತ್ತಾರೆಯೇ ಎಂದೂ ಕೇಳಿ. ಡೈವಿಂಗ್‌ನವರು ಹೇಳುವ ‘ಬಡ್ಡಿ’, ಸಾಲದ್ದಲ್ಲ, ಜೊತೆಗಾರ, ಗೆಳೆಯರ ಗುಂಪಿನವರಾಗುವುದು ಬೇಡ. ಮೊದಲ ಕೆಲವು ಡೈವ್‌ಗೆ ನಿಮ್ಮ ವರದಿ ಓದಿರುವ ಇನ್‌ಸ್ಟ್ರಕ್ಟರ್ ಒಬ್ಬರು ನಿಮ್ಮೊಬ್ಬರಿಗೇ ಇರಲಿ. ಎಲ್ಲರೂ 20 ಮೀಟರ್‌ಗೆ ಹೊರಟಾಗ ನೀವು 12ರಲ್ಲೇ ನಿಲ್ಲುವುದು ಹಾಗಾದರೆ ಮಾತ್ರ ಸಾಧ್ಯ.

ಅಂಡಮಾನ್ ಟಿಕೆಟ್ ಈಗಲೇ ತೆಗೆಯುವುದಾದರೆ ರದ್ದು ಮಾಡಿದರೆ ಹಣ ವಾಪಸ್ ಬರುವಂಥದ್ದನ್ನೇ ತೆಗೆಯಿರಿ. ಟಿಎಂಟಿ ಆದ ಮೇಲೆ ವರದಿಯಿಂದ ಈ ನಾಲ್ಕು ಸಂಗತಿ ಬರೆದು ಕಳಿಸಿ: ಎಷ್ಟು ನಿಮಿಷ ನಡೆದಿರಿ, ಎಷ್ಟು ಮೆಟ್, ಬಿಪಿ ಎಲ್ಲಿಂದ ಎಲ್ಲಿಗೆ ಏರಿತು, ಯಾಕೆ ನಿಲ್ಲಿಸಿದರು. ಆ ದಿನ ಬೆಳಿಗ್ಗೆ ಮೆಟೊಪ್ರೊಲಾಲ್ ತಿಂದಿದ್ದಿರೋ ಇಲ್ಲವೋ ಎಂಬುದನ್ನೂ ಬರೆಯಿರಿ.